ಗಸಗಸೆ ಕಾಳಿನಷ್ಟು ಮಿದುಳಿಗೆ ಹಲಸು ಗೊತ್ತಾಗುವುದು ಹೇಗೆ?

ಪ್ರಶ್ನೆ: ಮನೆಯಲ್ಲಿ ಹಲಸಿನ ಹಣ್ಣು ಕೊಯ್ದು ಹತ್ತು ನಿಮಿಷ ಆಗಿರುವುದಿಲ್ಲ, ಪುಟ್ಟ ನೊಣಗಳು ಬಂದು ಮುತ್ತಿಕೊಳ್ಳುತ್ತವೆ. ಅದೇ ಮೇಜಿನ ಮೇಲೆ ಮಲ್ಲಿಗೆ ದಂಡೆ ಇದ್ದರೂ ಆ ಕಡೆ ತಲೆ ಹಾಕುವುದಿಲ್ಲ. ಇವಕ್ಕೆ ಮೂಗೇ ಇಲ್ಲವಲ್ಲ? ತಲೆಯೂ ಸಾಸಿವೆ ಕಾಳಿಗಿಂತ ಚಿಕ್ಕದು. ಅಷ್ಟರಲ್ಲಿ ಇದು ಹಣ್ಣು, ಇದು ಹೂವು ಅಂತ ಹೇಗೆ ತಿಳಿಯುತ್ತದೆ? ಹುಟ್ಟಿನಿಂದಲೇ ಗೊತ್ತಿರುತ್ತದೋ, ಆಮೇಲೆ ಕಲಿಯುತ್ತವೋ? ಹಾಗೇ, ಇವನ್ನು ಕಡಿಮೆ ಮಾಡುವ ದಾರಿ ಇದ್ದರೆ ಹೇಳಿ.
ಓದುಗರೊಬ್ಬರು, ಸಾಗರ

ಉತ್ತರ: ನೀವು ಕೇಳಿದ್ದರಲ್ಲಿ ಕಡೆಯ ಪ್ರಶ್ನೆ ಸುಲಭದ್ದು. ಆದರೆ ಮೊದಲ ಎರಡು ತಿಳಿದ ಮೇಲೆ ಅದರ ಉತ್ತರ ಇನ್ನೂ ರುಚಿಸುತ್ತದೆ. ಅದನ್ನು ಕಡೆಗೇ ಇಟ್ಟುಕೊಳ್ಳೋಣ.

ಮೊದಲು ಯಾವ ನೊಣ ಅಂತ ಖಚಿತ ಮಾಡಿಕೊಳ್ಳೋಣ. ಎಳ್ಳು ಕಾಳಿನಷ್ಟು ಉದ್ದ, ಕೆಂಪು ಕಣ್ಣು, ಹಾರುವಾಗ ಸ್ವಲ್ಪ ತೂಕಡಿಸಿದಂತೆ ಹಾರುತ್ತದೆ, ಅಲ್ವಾ? ಅದು ಡ್ರಾಸೊಫಿಲಾ. ಕೆಲವರು ನೊರಜು ಎನ್ನುತ್ತಾರೆ. ಮಾವು ಬೆಳೆಯುವವರು ‘ಹಣ್ಣಿನ ನೊಣ’ ಎಂದು ಬೈಯುವುದು ಇದನ್ನಲ್ಲ. ಅದು ದೊಡ್ಡ ನೊಣ, ಮರದಲ್ಲಿರುವ ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ತೋಟಗಳಲ್ಲಿ ಡಬ್ಬಿ ತೂಗುಹಾಕಿ, ಮೀಥೈಲ್ ಯೂಜಿನಾಲ್‌ನಲ್ಲಿ ಅದ್ದಿದ ಮರದ ತುಂಡು ಇಡುತ್ತಾರಲ್ಲ, ಅದು ಆ ದೊಡ್ಡ ನೊಣದ ಗಂಡುಗಳನ್ನು ಹಿಡಿಯಲಿಕ್ಕೆ. ನಿಮ್ಮ ಅಡುಗೆಮನೆಗೆ ಆ ಡಬ್ಬಿ ತಂದರೆ ದುಡ್ಡು ದಂಡ.

ಇನ್ನೊಂದು ವಿಷಯ. ಡ್ರಾಸೊಫಿಲಾಕ್ಕೆ ನಿಜವಾಗಿ ಬೇಕಿರುವುದು ಹಲಸಲ್ಲ, ಹಣ್ಣಿನ ಮೇಲೆ ಬೆಳೆಯುವ ಯೀಸ್ಟ್. ಅದರ ಮರಿಹುಳಕ್ಕೂ ಅದೇ ಊಟ. ಯೀಸ್ಟ್ ಸಕ್ಕರೆಯನ್ನು ಹುದುಗಿಸುವಾಗ ಆಲ್ಕೋಹಾಲ್ ಬರುತ್ತದೆ, ಹಣ್ಣಿನ ಘಮ ಕೊಡುವ ಎಸ್ಟರ್‌ಗಳು ಬರುತ್ತವೆ. ಅದರ ಬೆನ್ನಿಗೇ ಬ್ಯಾಕ್ಟೀರಿಯಾಗಳಿಂದ ಹುಳಿ ವಾಸನೆಯೂ ಸೇರುತ್ತದೆ. ನಾವು ‘ಹಣ್ಣು ಸ್ವಲ್ಪ ಕಳಿತಿದೆ’ ಎಂದು ಮೂಗು ಮುರಿಯುವ ಹೊತ್ತಿಗೆ ನೊಣಕ್ಕೆ ಎಲೆ ಹಾಕಿ ಬಡಿಸಿದಂತೆ.

ಈಗ ಮೂಗಿನ ಮಾತು. ಮೂಗಿಲ್ಲ ಎಂದಿರಿ. ಇದೆ, ಎರಡಿವೆ. ಎರಡು ಕಣ್ಣುಗಳ ನಡುವೆ ಚಾಚಿಕೊಂಡಿರುವ ಮೀಸೆಗಳೇ ಅದರ ಮೂಗು. ಜಿರಲೆಯ ಮೀಸೆಯಂತೆ ಉದ್ದವಿಲ್ಲ, ಮೊಂಡಾದ ಪುಟ್ಟ ಗುಬುಟು. ಅದರ ತುಂಬ ಸಣ್ಣ ಕೂದಲು. ಒಂದೊಂದು ಕೂದಲಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ವಾಸನೆಯ ಅಣು ಆ ತೂತಿನಿಂದ ಒಳಗಿಳಿದು, ಅಲ್ಲಿರುವ ದ್ರವದಲ್ಲಿ ಸಾಗಿ, ನರಕೋಶದ ತುದಿಗೆ ತಾಗುತ್ತದೆ. ಒಂದು ಮೀಸೆಯಲ್ಲಿ ಇಂಥ ನರಕೋಶಗಳು ಸುಮಾರು 1,200. ಬಾಯಿಯ ಪಕ್ಕದಲ್ಲಿರುವ ಇನ್ನೊಂದು ಜೊತೆ ಅಂಗಗಳಲ್ಲಿ ತಲಾ 120ರಷ್ಟು. ವಾಸನೆ ಹಿಡಿಯಲು ನೊಣಕ್ಕಿರುವ ಬಂಡವಾಳ ಇಷ್ಟೇ.

ಇದೆಲ್ಲ ಹೋಗಿ ಸೇರುವ ಮಿದುಳು ಗಸಗಸೆ ಕಾಳಿನಷ್ಟು. ಅದರಲ್ಲಿ ಎಷ್ಟು ನರಕೋಶಗಳಿವೆ ಎಂದು ಈಗ ಅಂದಾಜಿನಲ್ಲಿ ಹೇಳಬೇಕಾಗಿಲ್ಲ, ಒಂದೊಂದನ್ನೂ ಗುರುತಿಸಿ ಎಣಿಸಿಯಾಗಿದೆ. 2024ರಲ್ಲಿ ಒಂದು ಹೆಣ್ಣು ನೊಣದ ಇಡೀ ಮಿದುಳಿನ ನಕ್ಷೆ ಪ್ರಕಟವಾಯಿತು. ಒಟ್ಟು 1,39,255 ನರಕೋಶಗಳು, ಅವುಗಳ ನಡುವೆ 5 ಕೋಟಿಗೂ ಜಾಸ್ತಿ ಕೊಂಡಿಗಳು. ನಮ್ಮ ತಲೆಯಲ್ಲಿ ಇರುವುದು ಸುಮಾರು 8,600 ಕೋಟಿ ನರಕೋಶ. ಅದನ್ನಿಟ್ಟುಕೊಂಡೂ ನಾವು ಸ್ಟವ್ ಮೇಲಿನ ಹಾಲು ಸೀದದ್ದನ್ನು ತಡವಾಗಿ ಕಂಡುಹಿಡಿಯುತ್ತೇವೆ.

ನರಕೋಶದ ತುದಿಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನ್ ಇರುತ್ತದೆ. ವಾಸನೆಯ ಅಣುವನ್ನು ಹಿಡಿಯುವುದು ಅದೇ. ಪ್ರಾಣಿಗಳ ಮೂಗಿನ ರಿಸೆಪ್ಟರ್‌ಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಇಲಿಯಲ್ಲಿ ಕಂಡುಹಿಡಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ನೊಣದಲ್ಲೂ ಅದೇ ಥರದ್ದು ಇರುತ್ತದೆ ಎಂದುಕೊಂಡು ಹುಡುಕಿದವರಿಗೆ ಹಲವು ವರ್ಷ ಏನೂ ಸಿಗಲಿಲ್ಲ. 1999ರಲ್ಲಿ ಸಿಕ್ಕಾಗ ನೋಡಿದರೆ, ಅವುಗಳಿಗೂ ನಮ್ಮ ರಿಸೆಪ್ಟರ್‌ಗಳಿಗೂ ನೆಂಟಸ್ತನವೇ ಇರಲಿಲ್ಲ. ನಮ್ಮಲ್ಲಿ ರಿಸೆಪ್ಟರ್ ಅಂದರೆ ಬಾಗಿಲ ಹೊರಗೆ ನಿಂತ ಆಳು. ಬಂದವರ ಸುದ್ದಿಯನ್ನು ಒಳಗಿನವರಿಗೆ ಹೇಳುತ್ತಾನೆ, ಅವರು ಇನ್ನೊಬ್ಬರಿಗೆ ಹೇಳುತ್ತಾರೆ, ಆಮೇಲೆ ಕದ ತೆರೆಯುತ್ತದೆ. ಕೀಟದಲ್ಲಿ ರಿಸೆಪ್ಟರೇ ಕದ. ಅಣು ತಾಗಿತು, ಕದ ತೆರೆಯಿತು, ನರಕೋಶ ಮಿಡಿಯಿತು.

ನೊಣದಲ್ಲಿ ಈ ಕುಟುಂಬದ ರಿಸೆಪ್ಟರ್‌ಗಳಿಗೆ ಸುಮಾರು 60 ಜೀನ್‌ಗಳಿವೆ. ಹೆಚ್ಚಿನ ನರಕೋಶಗಳು ಅದರಲ್ಲಿ ಒಂದನ್ನು ಆರಿಸಿಕೊಂಡಿರುತ್ತವೆ. ಹಾಗಾದರೆ ಹಲಸಿಗೊಂದು ರಿಸೆಪ್ಟರ್, ಮಲ್ಲಿಗೆಗೊಂದು ರಿಸೆಪ್ಟರ್ ಎಂದು ನಿಮಗೆ ಅನಿಸಬಹುದು. ಶಾಲೆಯಲ್ಲಿ ಬೀಗ ಮತ್ತು ಕೀಲಿಯ ಹೋಲಿಕೆ ಹೇಳಿಕೊಟ್ಟಿರುತ್ತಾರೆ. ವಾಸನೆಯ ಮಟ್ಟಿಗೆ ನನಗೆ ಆ ಹೋಲಿಕೆ ಕಂಡರಾಗದು. 2021ರಲ್ಲಿ ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ವನೆಸ್ಸಾ ರೂಟಾ ಅವರ ತಂಡ, ರೆಕ್ಕೆಯಿಲ್ಲದ ಬಹಳ ಹಳೆಯ ಕುಲದ ಒಂದು ಕೀಟದ ರಿಸೆಪ್ಟರನ್ನು ಅಣುಅಣುವಾಗಿ ಚಿತ್ರಿಸಿತು. ಲವಂಗಕ್ಕೆ ಘಮ ಕೊಡುವ ಯೂಜಿನಾಲ್ ಅದರ ಒಂದು ಪುಟ್ಟ ಕುಳಿಯಲ್ಲಿ ಕೂತಿತ್ತು. ಸೊಳ್ಳೆ ಓಡಿಸುವ ಮುಲಾಮುಗಳಲ್ಲಿರುವ ಡೀಟ್ ಎಂಬ ರಾಸಾಯನಿಕವೂ ಅದೇ ಕುಳಿಯಲ್ಲಿ ಕೂತಿತ್ತು. ಎರಡೂ ಒಂದನ್ನೊಂದು ಹೋಲುವ ಅಣುಗಳೇ ಅಲ್ಲ. ಆ ಕುಳಿ ಯಾವುದನ್ನೂ ಬಿಗಿಯಾಗಿ ಹಿಡಿಯುವುದಿಲ್ಲ, ಬಂದವರಿಗೆಲ್ಲ ಸ್ವಲ್ಪ ಜಾಗ ಕೊಡುತ್ತದೆ. ಬೀಗ ಎನ್ನುವುದಕ್ಕಿಂತ ಊರ ಜಗಲಿ ಎನ್ನಬಹುದು.

ಅದಕ್ಕೂ ಮೊದಲು, 2006ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಎಲಿಸ್ಸಾ ಹ್ಯಾಲೆಮ್ ಮತ್ತು ಜಾನ್ ಕಾರ್ಲ್ಸನ್ ನೊಣದ 24 ರಿಸೆಪ್ಟರ್‌ಗಳ ಮುಂದೆ 110 ವಾಸನೆಗಳನ್ನು ಒಂದೊಂದಾಗಿ ಹಿಡಿದು ನೋಡಿದ್ದರು. ಒಂದೇ ರಿಸೆಪ್ಟರ್ ಹಲವು ವಾಸನೆಗಳಿಗೆ ಮಿಡಿಯಿತು. ಒಂದೇ ವಾಸನೆ ಹಲವು ರಿಸೆಪ್ಟರ್‌ಗಳನ್ನು ಮಿಡಿಸಿತು. ಕೆಲವು ವಾಸನೆಗಳು ಕೆಲವು ರಿಸೆಪ್ಟರ್‌ಗಳನ್ನು ಸುಮ್ಮನಾಗಿಸಿದವು. ಈ ಸುಮ್ಮನಾಗಿಸುವ ಸಂಗತಿಯನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಬರುತ್ತದೆ.

ಅಂದರೆ ರಿಸೆಪ್ಟರ್ ಒಂದು ಅಕ್ಷರ ಇದ್ದಂತೆ, ವಾಸನೆ ಒಂದು ಪದ ಇದ್ದಂತೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ನೊಣದ ಹತ್ತಿರ ಇರುವುದೂ ಹೆಚ್ಚುಕಮ್ಮಿ ಅಷ್ಟೇ. ಆ 49ರಲ್ಲಿ ನಾವು ಪಂಪನಿಂದ ಹಿಡಿದು ಇವತ್ತಿನ ದಿನಸಿ ಪಟ್ಟಿಯವರೆಗೆ ಎಲ್ಲವನ್ನೂ ಬರೆದಿದ್ದೇವೆ. ಒಂದೇ ವ್ಯತ್ಯಾಸ: ನಾವು ಅಕ್ಷರಗಳನ್ನು ಒಂದರ ಹಿಂದೆ ಒಂದು ಬರೆಯುತ್ತೇವೆ, ನೊಣಕ್ಕೆ ಎಲ್ಲ ಅಕ್ಷರಗಳೂ ಒಟ್ಟಿಗೆ ಕೇಳಿಸುತ್ತವೆ, ಕೆಲವು ಜೋರಾಗಿ, ಕೆಲವು ಮೆಲ್ಲಗೆ. ಐವತ್ತು ದೀಪಗಳನ್ನು ಸುಮ್ನೆ ಹಚ್ಚಿ ಆರಿಸಿದರೂ ಸುಮಾರು 11 ಕೋಟಿ ಕೋಟಿ ವಿನ್ಯಾಸ ಬರುತ್ತವೆ. ಇದು ಬರೀ ಲೆಕ್ಕದ ಮಾತು, ಇಷ್ಟನ್ನೂ ನೊಣ ಬಳಸುತ್ತದೆ ಎಂದಲ್ಲ. ಅಕ್ಷರ ಕಡಿಮೆ ಎಂಬುದು ಅದರ ಕಷ್ಟವಲ್ಲ ಎಂದು ತೋರಿಸಲು ಹೇಳಿದೆ.

ಮೀಸೆಯಲ್ಲಿ ಒಂದೇ ಥರದ ರಿಸೆಪ್ಟರ್ ಇರುವ ನರಕೋಶಗಳು ಬೇರೆ ಬೇರೆ ಥರದವುಗಳ ಜೊತೆ ಬೆರೆತು ಹರಡಿಕೊಂಡಿರುತ್ತವೆ. ಆದರೆ ಅವುಗಳ ಎಳೆಗಳು ಮಿದುಳಿಗೆ ಬಂದ ಮೇಲೆ ಎಲ್ಲ ಒಂದೇ ಜಾಗದಲ್ಲಿ ಸೇರುತ್ತವೆ. ಆ ಜಾಗ ಉಂಡೆಯಂತಿರುತ್ತದೆ. ಅದರ ಹೆಸರು ಗ್ಲೋಮೆರುಲಸ್, ಲ್ಯಾಟಿನ್‌ನಲ್ಲಿ ಪುಟ್ಟ ನೂಲಿನುಂಡೆ ಎಂದರ್ಥ. ನಾವೂ ಉಂಡೆ ಎಂದೇ ಕರೆಯೋಣ. ನೊಣದಲ್ಲಿ ಪ್ರತಿ ಬದಿಗೆ ಸುಮಾರು 50 ಉಂಡೆಗಳು, ಜೇನುನೊಣದಲ್ಲಿ 160ರಷ್ಟು. ಯಾವ ವಾಸನೆಗೆ ಯಾವ ಯಾವ ಉಂಡೆ ಎಷ್ಟೆಷ್ಟು ಮಿನುಗಿತು ಎಂಬುದೇ ಮಿದುಳಿಗೆ ಸಿಗುವ ಮೊದಲ ಚಿತ್ರ.

ಈ ಚಿತ್ರವನ್ನು ನೋಡುವ ಕೆಲಸದಲ್ಲಿ ನಮ್ಮ ನೆಲದವರ ಪಾಲು ದೊಡ್ಡದು. ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಸ್ಥಾಪಕ ನಿರ್ದೇಶಕ ಒಬೈದ್ ಸಿದ್ದಿಕಿ ಮತ್ತು ಅವರ ಶಿಷ್ಯೆ ವೆರೊನಿಕಾ ರಾಡ್ರಿಗ್ಸ್ ಮುಂಬೈನ ಟಿಐಎಫ್‌ಆರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, 1970ರ ದಶಕದಲ್ಲೇ, ವಾಸನೆ ಹಿಡಿಯಲಾರದ ನೊಣಗಳ ತಳಿಗಳನ್ನು ಬೇರ್ಪಡಿಸಿದ್ದರು. ರಿಸೆಪ್ಟರ್‌ಗಳ ಹೆಸರೇ ಗೊತ್ತಿಲ್ಲದ ಕಾಲ ಅದು. ಆಮೇಲೆ ರಾಡ್ರಿಗ್ಸ್ 1980ರ ದಶಕದಲ್ಲಿ ವಿಕಿರಣ ಸೂಸುವ ಒಂದು ಸಕ್ಕರೆಯನ್ನು ನೊಣಕ್ಕೆ ಕೊಟ್ಟು, ವಾಸನೆ ತೋರಿಸಿ, ಮಿದುಳಿನ ಯಾವ ಉಂಡೆಗಳು ಆ ಸಕ್ಕರೆಯನ್ನು ಜಾಸ್ತಿ ಹೀರಿಕೊಂಡಿವೆ ಎಂದು ನೋಡಿದರು. ಬೇರೆ ವಾಸನೆಗೆ ಬೇರೆ ಉಂಡೆಗಳು. 1988ರ ಅವರ ಆ ಪ್ರಬಂಧವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಜೆರಾಕ್ಸ್ ಮಾಡಿಸಿ ಓದಿದ್ದೆ. ಕಪ್ಪು ಚುಕ್ಕೆಗಳ ಆ ಮಸುಕು ಚಿತ್ರಗಳ ಮುಂದೆ ಇವತ್ತಿನ ಬಣ್ಣಬಣ್ಣದ ಚಿತ್ರಗಳು ನನಗೆ ಯಾಕೋ ಸಪ್ಪೆ.

ಇಲ್ಲಿಂದ ಮುಂದೆ ನಿಜವಾದ ಕಷ್ಟ ಶುರು. ಒಂದು, ಹಣ್ಣು ಹತ್ತಿರವಿದ್ದರೆ ವಾಸನೆ ಜೋರು, ದೂರವಿದ್ದರೆ ಮೆಲ್ಲಗೆ. ಜೋರಾದಾಗ ಮೊದಲು ಸುಮ್ಮನಿದ್ದ ಉಂಡೆಗಳೂ ಮಿನುಗತೊಡಗುತ್ತವೆ. ಪದ ಅದೇ, ಆದರೆ ಅಕ್ಷರಗಳು ಜಾಸ್ತಿಯಾಗಿಬಿಡುತ್ತವೆ. ಎರಡು, ಬಾಳೆಹಣ್ಣು ಮತ್ತು ಹಲಸಿನ ಘಮ ಎರಡರಲ್ಲೂ ಒಂದೇ ಕುಲದ ಎಸ್ಟರ್‌ಗಳಿವೆ. ಎರಡರ ಚಿತ್ರವೂ ಒಂದರ ಮೇಲೊಂದು ಕೂರುವಷ್ಟು ಹತ್ತಿರ. ‘ಅಕ್ಕಿ’ ಮತ್ತು ‘ಹಕ್ಕಿ’ ಇದ್ದಂತೆ.

ಮೊದಲ ಕಷ್ಟವನ್ನು ಉಂಡೆಗಳೇ ಬಗೆಹರಿಸುತ್ತವೆ. ಉಂಡೆಗಳ ನಡುವೆ ಓಡಾಡುವ ಕೆಲವು ನರಕೋಶಗಳಿವೆ. ಅವುಗಳಲ್ಲಿ ಹೆಚ್ಚಿನವುಗಳ ಕೆಲಸ ಬಾಯಿ ಮುಚ್ಚಿಸುವುದು. ಒಟ್ಟು ಗದ್ದಲ ಹೆಚ್ಚಿದಷ್ಟೂ ಅವು ಎಲ್ಲ ಉಂಡೆಗಳನ್ನೂ ಹೆಚ್ಚು ಅದುಮುತ್ತವೆ. ಹಾರ್ವರ್ಡ್‌ನ ರೇಚಲ್ ವಿಲ್ಸನ್ ಅವರ ಪ್ರಯೋಗಾಲಯ ಇದನ್ನು ಚೆನ್ನಾಗಿ ಅಳೆದು ತೋರಿಸಿದೆ. ಹೀಗೆ ಅದುಮಿದಾಗ ಎಲ್ಲವೂ ಜೋರಾಗಿ ಕೂಗಿದ್ದಕ್ಕೆ ಬೆಲೆ ಇಲ್ಲ, ಯಾರು ಯಾರಿಗಿಂತ ಜೋರು ಎಂಬುದಕ್ಕೆ ಬೆಲೆ. ಹಲಸು ನಡುಮನೆಯಲ್ಲಿದ್ದರೂ ಹಿತ್ತಲಲ್ಲಿದ್ದರೂ ಹಲಸೇ ಆಗಿ ಉಳಿಯುವುದು ಬಹುಮಟ್ಟಿಗೆ ಇದರಿಂದ.

ಎರಡನೆಯ ಕಷ್ಟ ಬಗೆಹರಿಯುವ ರೀತಿ ನನಗೆ ಇಡೀ ವಿಷಯದಲ್ಲೇ ಅತಿ ಇಷ್ಟವಾದದ್ದು. ಉಂಡೆಗಳಿಂದ ಹೊರಟ ಸುದ್ದಿ ಎರಡು ದಾರಿ ಹಿಡಿಯುತ್ತದೆ. ಒಂದು ದಾರಿ ಮಶ್ರೂಮ್ ಬಾಡಿ ಎಂಬ ಭಾಗಕ್ಕೆ. ನೋಡಲು ಅಣಬೆಯಂತಿದೆ, ಅದಕ್ಕೇ ಆ ಹೆಸರು. 1850ರಲ್ಲಿ ಫ್ರಾನ್ಸಿನ ಫೆಲಿಕ್ಸ್ ಡುಜಾರ್ಡಿನ್ ಇದನ್ನು ಮೊದಲು ವರ್ಣಿಸಿದಾಗಲೇ ಕೀಟಗಳ ಬುದ್ಧಿಗೂ ಇದಕ್ಕೂ ಸಂಬಂಧವಿದೆ ಎಂದು ಊಹಿಸಿದ್ದ. ಅದರಲ್ಲಿ ತುಂಬಿಕೊಂಡಿರುವ ಸಣ್ಣ ನರಕೋಶಗಳಿಗೆ ಕೀನ್ಯನ್ ಕೋಶ ಎಂದು ಹೆಸರು, 1896ರಲ್ಲಿ ಜೇನುನೊಣದಲ್ಲಿ ಅವುಗಳನ್ನು ವಿವರವಾಗಿ ಚಿತ್ರಿಸಿದ ಕೀನ್ಯನ್‌ನಿಂದ ಬಂದದ್ದು. ನೊಣದ ಒಂದು ಬದಿಯಲ್ಲಿ ಸುಮಾರು 2,000 ಕೀನ್ಯನ್ ಕೋಶ, ಜೇನುನೊಣದಲ್ಲಿ 1,70,000ದಷ್ಟು.

ಇಲ್ಲಿ ಗಮನಿಸಿ. ಐವತ್ತು ಉಂಡೆಗಳ ಸುದ್ದಿಯನ್ನು ಎರಡು ಸಾವಿರ ಕೋಶಗಳಿಗೆ ಹಂಚುತ್ತಾರೆ! ಇರುವ ಜಾಗವೇ ಗಸಗಸೆಯಷ್ಟು, ಅದರಲ್ಲಿ ಇಷ್ಟು ದುಂದು ಯಾಕೆ?

ಪ್ರತಿ ಕೀನ್ಯನ್ ಕೋಶವೂ ಸುಮಾರು ಏಳು ತಂತಿಗಳನ್ನು ಹಿಡಿದುಕೊಂಡಿರುತ್ತದೆ. ಯಾವ ಉಂಡೆಗಳ ತಂತಿ? 2013ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೋಫಿ ಕಾರೊನ್ ಮತ್ತು ಜೊತೆಗಾರರು 200 ಕೀನ್ಯನ್ ಕೋಶಗಳ ತಂತಿಗಳನ್ನು ಹಿಂದಕ್ಕೆ ಹುಡುಕಿಕೊಂಡು ಹೋದರು. ಯಾವ ಕ್ರಮವೂ ಸಿಗಲಿಲ್ಲ. ಚೀಟಿ ಎತ್ತಿದಂತೆ, ಸಿಕ್ಕಸಿಕ್ಕ ಏಳು. ಇತ್ತೀಚಿನ ಪೂರ್ತಿ ನಕ್ಷೆಗಳಲ್ಲಿ ಕೆಲವು ಉಂಡೆಗಳ ಕಡೆ ಸ್ವಲ್ಪ ಒಲವು ಕಂಡಿದೆ, ಆದರೂ ಚೀಟಿ ಎತ್ತಿದ ಗುಣ ಹೋಗಿಲ್ಲ. ಏಳರಲ್ಲಿ ಒಂದೆರಡು ತಂತಿ ಅಲುಗಿದರೆ ಕೋಶ ಕ್ಯಾರೇ ಅನ್ನುವುದಿಲ್ಲ. ಹಲವು ತಂತಿಗಳು ಒಟ್ಟಿಗೆ ಅಲುಗಬೇಕು, ಆಗ ಮಾತ್ರ ಬಾಯಿ ಬಿಡುತ್ತದೆ.

ಅಲ್ಲಿಗೂ ಮುಗಿಯಲಿಲ್ಲ. ಪ್ರತಿ ಬದಿಯಲ್ಲೂ ಒಂದೇ ಒಂದು ದೊಡ್ಡ ನರಕೋಶವಿದೆ, ಹೆಸರು ಎಪಿಎಲ್. ಅದು ಎಲ್ಲ ಎರಡು ಸಾವಿರ ಕೋಶಗಳ ಮಾತನ್ನೂ ಕೇಳಿಸಿಕೊಳ್ಳುತ್ತದೆ, ಎಲ್ಲವನ್ನೂ ಅದುಮುತ್ತದೆ. ಗಲಾಟೆ ತರಗತಿಗೆ ಬಂದ ಮೇಷ್ಟ್ರ ಹಾಗೆ. ಮಕ್ಕಳು ಗದ್ದಲ ಮಾಡಿದಷ್ಟೂ ‘ಸುಮ್ನಿರ್ರೋ’ ಎಂಬ ಗದರಿಕೆ ಜೋರಾಗುತ್ತದೆ. ಕಡೆಗೆ ಮೇಷ್ಟ್ರ ಗದರಿಕೆಯನ್ನೂ ಮೀರಿ ಮಾತಾಡಬಲ್ಲ ಕೆಲವೇ ಗಟ್ಟಿಗರು ಉಳಿಯುತ್ತಾರೆ. ಒಂದು ವಾಸನೆಗೆ 100ರಲ್ಲಿ 5ರಿಂದ 10 ಕೀನ್ಯನ್ ಕೋಶಗಳು ಮಾತ್ರ ಮಿಡಿಯುತ್ತವೆ. ಉಳಿದವೆಲ್ಲ ಗಪ್‌ಚಿಪ್.

ಇದರಿಂದ ಏನು ಲಾಭ? ಬಾಳೆಹಣ್ಣು ಐವತ್ತರಲ್ಲಿ ಇಪ್ಪತ್ತು ಉಂಡೆಗಳನ್ನು ಮಿನುಗಿಸಿತು, ಹಲಸು ಅದರಲ್ಲೇ ಹದಿನೈದನ್ನು ಹಂಚಿಕೊಂಡಿತು ಎಂದು ಸುಮ್ನೆ ಇಟ್ಟುಕೊಳ್ಳಿ. ಉಂಡೆಗಳ ಮಟ್ಟದಲ್ಲಿ ಎರಡೂ ಬಹುತೇಕ ಒಂದೇ. ಆದರೆ ಕೀನ್ಯನ್ ಕೋಶಕ್ಕೆ ತನ್ನ ಹಲವು ತಂತಿಗಳು ಒಟ್ಟಿಗೆ ಬೇಕು. ಆ ತಂತಿಗಳಲ್ಲಿ ಒಂದೆರಡು ಬದಲಾದರೂ ಅದು ಆಟದಿಂದ ಹೊರಗೆ, ಬೇರೊಂದು ಕೋಶ ಒಳಗೆ. ಹಾಗಾಗಿ ಎರಡು ಸಾವಿರದ ಹಾಸಿನಲ್ಲಿ ಬಾಳೆಯ ನೂರು ಚುಕ್ಕೆ ಬೇರೆ, ಹಲಸಿನ ನೂರು ಚುಕ್ಕೆ ಬೇರೆ. ಒಂದಿಷ್ಟು ಚುಕ್ಕೆ ಮಾತ್ರ ಎರಡಕ್ಕೂ ಸೇರುತ್ತವೆ. ದೊಡ್ಡ ಅಂಗಳ, ಚುಕ್ಕೆ ಕಡಿಮೆ, ಆದ್ದರಿಂದ ಒಂದು ರಂಗೋಲಿ ಇನ್ನೊಂದನ್ನು ತುಳಿಯುವುದಿಲ್ಲ. ವಾಸನೆಗಳನ್ನು ಬೇರೆ ಮಾಡುವುದು ಮಿಡಿಯುವ ಕೋಶಗಳಿಗಿಂತ ಸುಮ್ಮನಿರುವ ಕೋಶಗಳು ಎಂದರೆ ತಪ್ಪಾಗಲಾರದು.

ಇದು ಬರೀ ಕಾಗದದ ಮೇಲಿನ ವಾದವೋ ನಿಜವೋ ಎಂದು ಕೇಳಬಹುದು. ಮೇಷ್ಟ್ರ ಬಾಯಿ ಕಟ್ಟಿ ನೋಡಿದ್ದಾರೆ. 2014ರಲ್ಲಿ ಆಕ್ಸ್‌ಫರ್ಡ್‌ನ ಗೇರೊ ಮೀಸೆನ್‌ಬಾಕ್ ಅವರ ತಂಡ ಎಪಿಎಲ್ ಕೋಶದ ಅದುಮುವ ಶಕ್ತಿಯನ್ನು ನಿಲ್ಲಿಸಿತು. ಕೀನ್ಯನ್ ಕೋಶಗಳು ಎಲ್ಲೆಂದರಲ್ಲಿ ಮಿಡಿಯತೊಡಗಿದವು. ಆಗಲೂ ನೊಣಗಳು ಪೂರ್ತಿ ಬೇರೆಯಾದ ಎರಡು ವಾಸನೆಗಳನ್ನು ಗುರುತಿಸಿದವು. ಆದರೆ ಹತ್ತಿರದ ಎರಡು ವಾಸನೆಗಳ ನಡುವೆ ವ್ಯತ್ಯಾಸ ಕಲಿಯಲು ಆಗಲಿಲ್ಲ. ಅಕ್ಕಿ ಯಾವುದು ಆನೆ ಯಾವುದು ಗೊತ್ತು, ಅಕ್ಕಿ ಯಾವುದು ಹಕ್ಕಿ ಯಾವುದು ಗೊತ್ತಿಲ್ಲ. 1997ರಲ್ಲಿ ಗಿಲ್ ಲಾರೆಂಟ್ ಅವರ ಗುಂಪು ಜೇನುನೊಣಕ್ಕೆ ಬೇರೊಂದು ಕಡೆಯಿಂದ ಇದೇ ಪೆಟ್ಟು ಕೊಟ್ಟಿತ್ತು. ಉಂಡೆಗಳ ಮಟ್ಟದಲ್ಲಿ ಅದುಮುವ ಕೋಶಗಳನ್ನು ಒಂದು ಔಷಧಿಯಿಂದ ತಡೆದಾಗ, ಆ ಭಾಗದ ನರಕೋಶಗಳು ತಾಳ ಹಾಕಿದಂತೆ ಒಟ್ಟಿಗೆ ಮಿಡಿಯುವುದು ನಿಂತಿತು. ಅಲ್ಲೂ ಎಡವಿದ್ದು ಹತ್ತಿರದ ವಾಸನೆಗಳಲ್ಲೇ. ಎರಡು ಕೀಟ, ಎರಡು ಜಾಗ, ಫಲ ಒಂದೇ ಬಗೆಯದು.

ಕಂಪ್ಯೂಟರ್‌ನವರಿಗೂ ಈ ತಂತ್ರ ಕಣ್ಣಿಗೆ ಬಿತ್ತು. ಲಕ್ಷಾಂತರ ಚಿತ್ರಗಳಲ್ಲಿ ಒಂದನ್ನು ಹೋಲುವ ಇನ್ನೊಂದನ್ನು ಬೇಗ ಹುಡುಕಲು ನೊಣದ ಕ್ರಮ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 2017ರಲ್ಲಿ ಸಂಜಯ್ ದಾಸ್‌ಗುಪ್ತ, ಚಾರ್ಲ್ಸ್ ಸ್ಟೀವನ್ಸ್ ಮತ್ತು ಸಾಕೇತ್ ನವ್ಲಾಖಾ ತೋರಿಸಿದರು. ಅದರ ವಿವರ ಇಲ್ಲಿ ಬೇಡ.

ಈಗ ಹುಟ್ಟುಗುಣವೋ ಕಲಿಕೆಯೋ ಎಂಬ ಪ್ರಶ್ನೆ. ಚೀಟಿ ಎತ್ತಿದಂತೆ ತಂತಿ ಜೋಡಿಸಿದ್ದಾರೆ ಎಂದೆನಲ್ಲ, ಅದರಿಂದ ಒಂದು ತಮಾಷೆ ಆಗುತ್ತದೆ. ನಿಮ್ಮ ಮನೆಯ ಎರಡು ನೊಣಗಳಲ್ಲಿ ಹಲಸಿನ ರಂಗೋಲಿ ಒಂದೇ ಅಲ್ಲ. ಒಂದೊಂದಕ್ಕೂ ಅದರದೇ ಚುಕ್ಕೆಗಳು. ಹಾಗಾದ ಮೇಲೆ ‘ಈ ಚುಕ್ಕೆಗಳು ಬಂದರೆ ಊಟ’ ಎಂದು ಹುಟ್ಟುವಾಗಲೇ ಬರೆದಿಡಲು ಬರುವುದಿಲ್ಲ. ಮಶ್ರೂಮ್ ಬಾಡಿಯಲ್ಲಿ ಅರ್ಥ ಬರಬೇಕಾದರೆ ಕಲಿಯಲೇಬೇಕು.

ಕಲಿಯುವುದು ಹೀಗೆ. ಕೀನ್ಯನ್ ಕೋಶಗಳ ಸುದ್ದಿ ಕಡೆಗೆ ಪ್ರತಿ ಬದಿಯಲ್ಲಿ ಬರೀ 34ರಷ್ಟು ಕೋಶಗಳಿಗೆ ಹೋಗುತ್ತದೆ. ಅವುಗಳಲ್ಲಿ ಕೆಲವು ‘ಹತ್ತಿರ ಹೋಗು’ ಎನ್ನುತ್ತವೆ, ಕೆಲವು ‘ದೂರ ಸರಿ’ ಎನ್ನುತ್ತವೆ. ಸಕ್ಕರೆ ಸಿಕ್ಕಾಗ, ಪೆಟ್ಟು ಬಿದ್ದಾಗ ಡೋಪಮಿನ್ ಎಂಬ ರಾಸಾಯನಿಕ ಸುರಿಯುವ ಬೇರೆ ಬೇರೆ ಕೋಶಗಳಿವೆ. ಒಂದು ವಾಸನೆಯ ಚುಕ್ಕೆಗಳು ಮಿಡಿಯುತ್ತಿರುವಾಗಲೇ ಪೆಟ್ಟಿನ ಡೋಪಮಿನ್ ಬಿದ್ದರೆ, ಆ ಚುಕ್ಕೆಗಳಿಗೂ ‘ಹತ್ತಿರ ಹೋಗು’ ಎನ್ನುವ ಕೋಶಕ್ಕೂ ಇರುವ ಕೊಂಡಿ ಸಡಿಲವಾಗುತ್ತದೆ. ತಕ್ಕಡಿ ‘ದೂರ ಸರಿ’ ಕಡೆ ವಾಲುತ್ತದೆ. ನೆನಪು ಅಂದರೆ ಏನೋ ಹೊಸದಾಗಿ ಬರೆದಿಟ್ಟುಕೊಳ್ಳುವುದು ಎಂದು ನಾವು ಅಂದುಕೊಂಡಿರುತ್ತೇವೆ. ನೊಣದಲ್ಲಿ ಪೆಟ್ಟು ತಿಂದ ನೆನಪು ಬಹುಪಾಲು ಅಳಿಸಿದ್ದರಿಂದ ಆಗುವಂಥದ್ದು. ಇಲ್ಲೂ ಸುಮ್ಮನಾಗಿಸುವುದೇ ಕೆಲಸ.

ನೊಣ ವಾಸನೆಯನ್ನು ಕಲಿಯುತ್ತದೆ ಎಂದು 1974ರಲ್ಲಿ ಮೊದಲು ತೋರಿಸಿದ್ದು ಅಮೆರಿಕದ ಸೀಮೋರ್ ಬೆಂಜರ್ ಅವರ ಪ್ರಯೋಗಾಲಯ. ಕಲಿಯಲಾರದ ಮೊದಲ ತಳಿಗೆ ‘ಡನ್ಸ್’, ಅಂದರೆ ದಡ್ಡ, ಎಂದು ಹೆಸರಿಟ್ಟರು. ಆಮೇಲೆ ಸಿಕ್ಕ ದಡ್ಡರಿಗೆ ಟರ್ನಿಪ್, ಕ್ಯಾಬೇಜ್, ರಾಡಿಶ್ ಎಂದು ತರಕಾರಿ ಹೆಸರುಗಳು. ಈಗಿನ ಪ್ರಯೋಗದ ಕ್ರಮ ಸರಳ. ಸುಮಾರು ನೂರು ನೊಣಗಳನ್ನು ಕೊಳವೆಯಲ್ಲಿ ಹಾಕಿ, ಒಂದು ನಿಮಿಷ ಒಂದು ವಾಸನೆಯ ಜೊತೆ ಸಣ್ಣ ಸಣ್ಣ ಶಾಕ್, ಇನ್ನೊಂದು ನಿಮಿಷ ಇನ್ನೊಂದು ವಾಸನೆ ಶಾಕ್ ಇಲ್ಲದೆ. ಆಮೇಲೆ ಎರಡೂ ವಾಸನೆಗಳ ನಡುವೆ ಬಿಟ್ಟರೆ ಹೆಚ್ಚಿನವು ಶಾಕ್ ವಾಸನೆಯಿಂದ ದೂರ ಓಡುತ್ತವೆ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ವಾರ ನನ್ನ ನೊಣಗಳು ಏನೂ ಕಲಿಯಲಿಲ್ಲ. ನೊಣ ಬದಲಿಸಿದೆ, ಕೊಳವೆ ತೊಳೆದೆ. ಕಡೆಗೆ ಜೊತೆಯಲ್ಲಿದ್ದ ಹಿರಿಯರೊಬ್ಬರು ನನ್ನ ಪಕ್ಕ ಬಂದು ಒಮ್ಮೆ ಮೂಗೆಳೆದು, ‘ತಲೆಗೆ ಯಾವ ಎಣ್ಣೆ?’ ಎಂದು ಕೇಳಿದರು.

ಜೇನುನೊಣದಲ್ಲಿ ಈ ಕಲಿಕೆಯನ್ನು ಕಣ್ಣಾರೆ ನೋಡಬಹುದು. ಜೇನನ್ನು ಪುಟ್ಟ ಕೊಳವೆಯಲ್ಲಿ ಕುತ್ತಿಗೆಯವರೆಗೆ ಕೂರಿಸುತ್ತಾರೆ. ಮೀಸೆಗೆ ಸಕ್ಕರೆ ನೀರು ತಾಗಿಸಿದರೆ ನಾಲಿಗೆ ಚಾಚುತ್ತದೆ. ಸಕ್ಕರೆಗೆ ಮೊದಲು ಒಂದು ವಾಸನೆ ಊದಿ, ಇದನ್ನೇ ಎರಡು ಮೂರು ಸಲ ಮಾಡಿ. ಆಮೇಲೆ ಬರೀ ವಾಸನೆಗೇ ನಾಲಿಗೆ ಹೊರಗೆ ಬರುತ್ತದೆ. ಆ ನೆನಪು ದಿನಗಟ್ಟಲೆ ಉಳಿಯುತ್ತದೆ.

ಹಾಗಾದರೆ ಹುಟ್ಟಿನಿಂದ ಗೊತ್ತಿರುವುದು ಏನೂ ಇಲ್ಲವೇ? ಇದೆ. ಉಂಡೆಗಳಿಂದ ಹೊರಟ ಎರಡನೆಯ ದಾರಿ ಲ್ಯಾಟರಲ್ ಹಾರ್ನ್ ಎಂಬ ಭಾಗಕ್ಕೆ ಹೋಗುತ್ತದೆ. ಇಲ್ಲಿ ತಂತಿ ಜೋಡಣೆ ಎಲ್ಲ ನೊಣಗಳಲ್ಲೂ ಹೆಚ್ಚುಕಮ್ಮಿ ಒಂದೇ. ಹುದುಗಿದ ಹಣ್ಣಿನ ಕಡೆ ಯಾರೂ ಕಲಿಸದೆ ನೊಣ ಹೊರಡುವುದು ಹೆಚ್ಚಾಗಿ ಈ ದಾರಿಯಿಂದ.

ಇದರ ಅತ್ಯಂತ ಚೆಂದದ ಉದಾಹರಣೆ ನಿಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಘಮಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ಒಂದು ಅಣು, ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವಂಥದ್ದು. ನಮಗೆ ಅದು ಪುಳಕ. ನೊಣಕ್ಕೆ ಅದು ಅಪಾಯದ ಸೂಚನೆ. ಹಣ್ಣಿನಲ್ಲಿ ವಿಷ ಉಗುಳುವ ಬೂಷ್ಟು, ಬ್ಯಾಕ್ಟೀರಿಯಾ ಇದೆ ಎಂದರ್ಥ. 2012ರಲ್ಲಿ ಜರ್ಮನಿಯ ಯೆನಾದಲ್ಲಿ ಮಾರ್ಕಸ್ ಸ್ಟೆನ್ಸ್‌ಮಿರ್ ಮತ್ತು ಬಿಲ್ ಹ್ಯಾನ್ಸನ್ ಅವರ ತಂಡ, ನೊಣದ ಒಂದು ರಿಸೆಪ್ಟರ್ ಜಿಯೋಸ್ಮಿನ್‌ಗೆ ಮಾತ್ರ ಮಿಡಿಯುತ್ತದೆ ಎಂದು ತೋರಿಸಿತು. ಊರ ಜಗಲಿಗಳ ನಡುವೆ ಇದೊಂದು ನಿಜವಾದ ಬೀಗ. ಅದರ ಎಳೆ ಒಂದೇ ಉಂಡೆಗೆ, ಅಲ್ಲಿಂದ ನೇರ ತಂತಿ. ಆ ಒಂದು ತಂತಿ ಮಿಡಿದರೆ ನೊಣ ವಿನೆಗರ್‌ನ ಆಸೆಯನ್ನೂ ಬಿಟ್ಟು ಸರಿಯುತ್ತದೆ, ಮೊಟ್ಟೆ ಇಡುವುದಿಲ್ಲ.

ಇನ್ನೊಂದು ಉದಾಹರಣೆ ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ರೇಷ್ಮೆ ಗೂಡಿನಿಂದ ಹೆಣ್ಣು ಚಿಟ್ಟೆ ಹೊರಬಂದರೆ ಹತ್ತಿರದ ಗಂಡುಗಳು ರೆಕ್ಕೆ ಬಡಿಯುತ್ತ ಗಿರಗಿರನೆ ಸುತ್ತುತ್ತ ಅದರ ಕಡೆ ಬರುತ್ತವೆ. ಹೆಣ್ಣು ಸೂಸುವ ಬೊಂಬಿಕಾಲ್ ಎಂಬ ವಾಸನೆ ಅದಕ್ಕೆ ಕಾರಣ. ಕೀಟವೊಂದರ ಇಂಥ ಸಂದೇಶದ ವಾಸನೆಯನ್ನು ಮೊಟ್ಟಮೊದಲು ಗುರುತಿಸಿದ್ದು ರೇಷ್ಮೆ ಚಿಟ್ಟೆಯಲ್ಲೇ. 1959ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಕೆಲವೇ ಮಿಲಿಗ್ರಾಂ ತೆಗೆದು ಅದರ ರಚನೆ ತಿಳಿಸಿದರು. ಗಂಡಿನ ಮಿದುಳಿನಲ್ಲಿ ಇದಕ್ಕಾಗಿಯೇ ದೊಡ್ಡ ಉಂಡೆಗಳಿವೆ, ಹೆಣ್ಣಿನಲ್ಲಿ ಅವು ಆ ರೂಪದಲ್ಲಿಲ್ಲ. ಇಲ್ಲಿ ಕಲಿಯಲು ಏನೂ ಇಲ್ಲ. ಗೂಡಿನಿಂದ ಹೊರಬಂದ ಚಿಟ್ಟೆ ಏನನ್ನೂ ತಿನ್ನದೆ ಕೆಲವೇ ದಿನ ಬದುಕುತ್ತದೆ, ಕಲಿಯುತ್ತ ಕೂರಲು ಪುರುಸೊತ್ತೆಲ್ಲಿ?

ಒಂದೇ ಅಣು ಬೇರೆ ಬೇರೆ ಮಿದುಳಿನಲ್ಲಿ ಬೇರೆ ಅರ್ಥ ಪಡೆಯುವುದನ್ನೂ ನೋಡಿ. ಬಾಳೆಹಣ್ಣಿನ ಘಮದಲ್ಲಿ ಮುಖ್ಯವಾದದ್ದು ಐಸೋಅಮೈಲ್ ಅಸಿಟೇಟ್. ಡ್ರಾಸೊಫಿಲಾಕ್ಕೆ ಅದು ಊಟದ ಕರೆ. ಜೇನುನೊಣ ಕಚ್ಚಿದಾಗ ಕೊಂಡಿಯ ಬುಡದಿಂದ ಬರುವುದೂ ಅದೇ, ‘ಬನ್ನಿ, ಕಚ್ಚಿ’ ಎಂದು ಉಳಿದವರನ್ನು ಕರೆಯುವ ವಾಸನೆ. ಜೇನುಪೆಟ್ಟಿಗೆ ತೆರೆಯುವ ಮುಂಚೆ ಬಾಳೆಹಣ್ಣು ತಿನ್ನಬೇಡಿ ಎಂದು ಜೇನು ಸಾಕುವವರು ಹೇಳುವುದು ಸುಮ್ಮನೆ ಅಲ್ಲ.

ಈಗ ನಿಮ್ಮ ಮಲ್ಲಿಗೆ ದಂಡೆ. ನೊಣಕ್ಕೆ ಅದರ ಅಣುಗಳು ತಾಗುವುದಿಲ್ಲ ಎಂದಲ್ಲ. ಆದರೆ ಅದನ್ನು ಊಟಕ್ಕೆ ಕಟ್ಟುವ ನೇರ ತಂತಿ ಇಲ್ಲ. ಮಲ್ಲಿಗೆಯ ಹತ್ತಿರ ಅದಕ್ಕೆ ಎಂದೂ ಊಟ ಸಿಕ್ಕಿಲ್ಲ, ಹಾಗಾಗಿ ಕಲಿತೂ ಇಲ್ಲ. ತನಗೆ ಅರ್ಥವಿಲ್ಲದ ವಾಸನೆಯನ್ನೂ ಸಕ್ಕರೆಯ ಜೊತೆ ಕೊಟ್ಟರೆ ನೊಣ ಕಲಿಯುತ್ತದೆ. ದಂಡೆಯ ಮೇಲೆ ಪಾನಕ ಚೆಲ್ಲುವ ಪ್ರಯೋಗ ಮಾತ್ರ ಮಾಡಬೇಡಿ.

ಕಡೆಗೆ ಓಡಿಸುವ ಮಾತು. ಓಡಿಸುವುದಕ್ಕಿಂತ ಕರೆದು ಹಿಡಿಯುವುದು ಸುಲಭ. ಲೋಟದಲ್ಲಿ ಒಂದು ಬೆರಳು ಎತ್ತರಕ್ಕೆ ಆಪಲ್ ಸೈಡರ್ ವಿನೆಗರ್ ಹಾಕಿ, ಅಷ್ಟೇ ನೀರು ಬೆರೆಸಿ, ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು ಬಿಡಿ. ಆ ತೊಟ್ಟಿನಿಂದ ನೀರಿನ ಮೇಲ್ಮೈಯ ಬಿಗಿ ಕಡಿಮೆಯಾಗಿ, ಕೂತ ನೊಣ ಮುಳುಗುತ್ತದೆ. ಬಾಯಿಗೆ ಕಾಗದದ ಆಲಿಕೆ ಇಟ್ಟರೆ ಒಳಗೆ ಹೋದದ್ದು ಹೊರಗೆ ಬರುವುದು ಕಷ್ಟ. ನೀರು ಬೆರೆಸಿ ಎಂದದ್ದಕ್ಕೆ ಕಾರಣವಿದೆ. ವಿನೆಗರ್ ಕಡೆ ನೊಣವನ್ನು ಎಳೆಯುವುದು ಮುಖ್ಯವಾಗಿ ಒಂದೇ ಉಂಡೆ ಎಂದು 2009ರಲ್ಲಿ ಜೂಲಿ ಸೆಮ್ಮೆಲ್‌ಹ್ಯಾಕ್ ಮತ್ತು ಜಿಂಗ್ ವಾಂಗ್ ತೋರಿಸಿದರು. ವಾಸನೆ ತೀರಾ ಗಾಢವಾದರೆ ಇನ್ನೊಂದು ಉಂಡೆ ಎಚ್ಚರವಾಗುತ್ತದೆ, ಅದು ‘ಬೇಡ’ ಎನ್ನುತ್ತದೆ. ಆ ಎರಡನೆಯದನ್ನು ಎಬ್ಬಿಸದೆ ಮೊದಲನೆಯದನ್ನು ಮಾತ್ರ ತಟ್ಟಬೇಕು.

ಬಲೆ ಇಟ್ಟ ಮಾತ್ರಕ್ಕೆ ಎರಡು ದಿನದಲ್ಲಿ ಮುಗಿಯುವುದಿಲ್ಲ. ಬೆಚ್ಚಗಿದ್ದರೆ ಮೊಟ್ಟೆಯಿಂದ ಹಾರುವ ನೊಣ ಆಗಲು ಹತ್ತು ದಿನ ಸಾಕು. ಹಲಸಿನ ಸಿಪ್ಪೆ, ಮೇಣ ಹತ್ತಿದ ಕಾಗದ, ಕಸದ ಬುಟ್ಟಿಯ ತಳ, ಸಿಂಕಿನ ಕೆಳಗಿನ ಒದ್ದೆ ಬಟ್ಟೆ, ಇವೆಲ್ಲ ಅದರ ಬಾಣಂತಿ ಕೋಣೆಗಳು. ಅವನ್ನು ಅವತ್ತೇ ಮನೆಯಿಂದ ದೂರ ಹಾಕಿ, ಲೋಟವನ್ನು ಹತ್ತು ಹನ್ನೆರಡು ದಿನ ಇಡಿ, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿ. ತೊಳೆಗಳನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಜಾಲರಿ ಮುಚ್ಚಿದರೆ ನೊಣ ಕೂರುವುದಿಲ್ಲ ನಿಜ, ಆದರೆ ಘಮ ಜಾಲರಿಯಿಂದ ಹೊರಗೆ ಬರುತ್ತಲೇ ಇರುತ್ತದೆ.